ಬಾಯೊಳಗಿನ ಮಚ್ಚೆಯನ್ನು ಓದುವವರು ಯಾರು? ದಂತ ವಿದ್ಯಾರ್ಥಿಗಳು ಓರಲ್ ಪೆಥಾಲಜಿ ಬೇಡ ಅನ್ನುವುದರ ಹಿಂದಿನ ಲೆಕ್ಕ

"ಹಲ್ಲಿನ ಡಾಕ್ಟ್ರು ಆಗ್ತಾಳಂತ ಲಕ್ಷಗಟ್ಲೆ ಕಟ್ಟೀನಿ. ಈಗ ನೋಡಿದ್ರ ಲ್ಯಾಬಿನ್ಯಾಗ ಕುಂದ್ರತೀನಿ ಅಂತಾಳ. ಪೇಷಂಟೇ ಬರಂಗಿಲ್ಲಂದ್ರ ಅದ್ಯಾವ ಡಾಕ್ಟರಿಕಿಪಾ?"

ಚೀಕಲಪರ್ವಿಯ ನಮ್ಮ ಮನೆ ಕಟ್ಟೆ ಮೇಲೆ ಕೂತು ಕಾಕಾ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾನ್ವಿ ತಾಲ್ಲೂಕಿನ, ತುಂಗಭದ್ರೆ ದಂಡೆಯ ಊರು ಇದು. ಹೊರಗಿನವರಿಗೆ ವಿಜಯದಾಸರು ಹುಟ್ಟಿದ ಊರು ಅಂತ ಗೊತ್ತು. ಕಾಕಾನ ಮಗಳು, ಅಂದ್ರೆ ನನ್ನ ತಂಗಿ, ರಾಯಚೂರಿನಲ್ಲಿ ಬಿಡಿಎಸ್ ಮುಗಿಸಿ ನೀಟ್-ಎಂಡಿಎಸ್ ಬರೆದಿದ್ದಳು. ಬಂದ ರ‍್ಯಾಂಕಿಗೆ ಆರ್ಥೊಡಾಂಟಿಕ್ಸ್ ದೂರದ ಮಾತು. ರೂಟ್ ಕೆನಾಲ್ ಕಲಿಸುವ ಎಂಡೊಡಾಂಟಿಕ್ಸ್ ಸಿಕ್ಕರೂ ಸಿಗಬಹುದು, ದುಬಾರಿ. ಓರಲ್ ಪೆಥಾಲಜಿ ಮಾತ್ರ ಖಂಡಿತ ಸಿಗುತ್ತೆ. ಅವಳಿಗೂ ಅದೇ ಇಷ್ಟ. ಮನೆಯಲ್ಲಿ ಯಾರಿಗೂ ಇಷ್ಟ ಇಲ್ಲ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಯಾವ ಬ್ರಾಂಚ್ ಮೊದಲು ಮುಗಿಯುತ್ತೆ, ಯಾವುದು ಕೊನೆವರೆಗೂ ಉಳಿಯುತ್ತೆ ಅನ್ನೋದನ್ನ ನೋಡಿದ್ದೇನೆ. ಉಳಿದ ಬ್ರಾಂಚ್ ತಗೊಂಡವರನ್ನು ನೆಂಟರು ಹೇಗೆ ಮಾತಾಡಿಸ್ತಾರೆ ಅನ್ನೋದೂ ಗೊತ್ತು. ಆದರೆ ಈ 'ಉಳಿದ' ವಿಭಾಗ ನಮ್ಮ ಮನೆಗೆ ಎರಡು ವರ್ಷ ಮೊದಲೇ ಬಂದು ಹೋಗಿತ್ತು, ದೊಡ್ಡಪ್ಪನ ಬಾಯಿಯ ಮೂಲಕ. ಹಾಗಾಗಿ ಕಾಕಾನ ಪ್ರಶ್ನೆಯನ್ನು ಕಟ್ಟೆ ಮೇಲೇ ಬಿಟ್ಟು ಬರಲಾಗಲಿಲ್ಲ.

ಓರಲ್ ಪೆಥಾಲಜಿ ಅಂದ್ರೆ ಏನು?

ನಮ್ಮಲ್ಲಿ ಬಿಡಿಎಸ್ ನಾಲ್ಕು ವರ್ಷದ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೂರನೇ ವರ್ಷ ಜನರಲ್ ಮೆಡಿಸಿನ್, ಜನರಲ್ ಸರ್ಜರಿ ಜೊತೆ ಓರಲ್ ಪೆಥಾಲಜಿ ಬರುತ್ತೆ. ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತಿಸುವುದೂ ಸಾಮಾನ್ಯವಾಗಿ ಇದೇ ವಿಭಾಗದ ಮೇಷ್ಟ್ರುಗಳೇ. ಬಿಡಿಎಸ್ ಆದಮೇಲೆ ಮೂರು ವರ್ಷದ ಎಂಡಿಎಸ್, ಅದರಲ್ಲಿ ಒಂಬತ್ತು ವಿಭಾಗ. ಹಲ್ಲು ಸರಿಪಡಿಸುವ, ಕಟ್ಟುವ, ಕೀಳುವ, ವಸಡು ನೋಡುವ ವಿಭಾಗಗಳಲ್ಲಿ ರೋಗಿ ಎದುರಿಗೇ ಕೂತಿರುತ್ತಾನೆ. ಓರಲ್ ಪೆಥಾಲಜಿಯಲ್ಲಿ ಎದುರಿಗೆ ಇರುವುದು ಮೈಕ್ರೋಸ್ಕೋಪು.

ಬಾಯಿ, ದವಡೆ, ನಾಲಿಗೆ, ಜೊಲ್ಲುಗ್ರಂಥಿಗಳಲ್ಲಿ ಏನೇ ಅನುಮಾನದ ಗಂಟು, ಹುಣ್ಣು, ಮಚ್ಚೆ ಕಂಡರೂ ಅದರ ಒಂದು ಚೂರನ್ನು ಪರೀಕ್ಷಿಸಿ ಇದು ಇಂಥದ್ದೇ ರೋಗ ಅಂತ ಹೆಸರು ಹೇಳುವುದು ಇವರ ಕೆಲಸ. ಸರ್ಜನ್ ಎಷ್ಟು ಕತ್ತರಿಸಬೇಕು ಅನ್ನೋದು ಬಹಳಷ್ಟು ಸಲ ಈ ಹೆಸರಿನ ಮೇಲೇ ನಿಂತಿರುತ್ತೆ.

ಒಂದು ಉದಾಹರಣೆ. ದವಡೆಯಲ್ಲಿ ಬರುವ ಓಡಾಂಟೋಜೆನಿಕ್ ಕೆರಾಟೋಸಿಸ್ಟ್ ಅನ್ನುವ ನೀರ್ಗುಳ್ಳೆಯಂಥ ಚೀಲವನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ 'ಗಡ್ಡೆ' ಪಟ್ಟಿಗೆ ಸೇರಿಸಿತು. 2017ರಲ್ಲಿ ವಾಪಸ್ 'ಸಿಸ್ಟ್' ಪಟ್ಟಿಗೆ ತಂತು. ತೆಗೆದರೂ ಮತ್ತೆ ಮತ್ತೆ ಬೆಳೆಯುವ ಸ್ವಭಾವ ಅದರದ್ದು, ಹಾಗಾಗಿ ಎಲ್ಲಿ ಸೇರಿಸಬೇಕು ಅನ್ನುವ ಚರ್ಚೆ ಇಷ್ಟು ಕಾಲ ನಡೆಯಿತು. ದವಡೆಯ ಇಂಥ ಕಾಯಿಲೆಗಳು ಹಲ್ಲು ಹುಟ್ಟುವ ಅಂಗಾಂಶದಿಂದ ಬರುತ್ತವೆ. ಇಡೀ ದೇಹದ ಸ್ಲೈಡ್ ನೋಡುವ ಎಂಡಿ ಪೆಥಾಲಜಿಸ್ಟ್‌ಗಳಿಗೆ ಇವು ಅಪರೂಪ. ಓರಲ್ ಪೆಥಾಲಜಿಸ್ಟ್‌ಗೆ ಇವೇ ದಿನದ ಕೆಲಸ.

ಒಂದು ಚೂರು ರಿಪೋರ್ಟ್ ಆಗುವ ದಾರಿ

ದೊಡ್ಡಪ್ಪ ಭತ್ತದ ಗದ್ದೆಯ ಮನುಷ್ಯ. ತಂಬಾಕಿಗೆ ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕಿ ದವಡೆ ಸಂದಿಯಲ್ಲಿ ಇಟ್ಟುಕೊಳ್ಳುವುದು ಮೂವತ್ತು ವರ್ಷದ ರೂಢಿ. ಅದೇ ಜಾಗದಲ್ಲಿ ಬಿಳಿ ಮಚ್ಚೆ ಬಂತು, ನಡುವೆ ಕೆಂಪು. ಮೊದಲು ತೋರಿಸಿದ ಕಡೆ ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚೋಕೆ ಮುಲಾಮು ಕೊಟ್ಟರು. ಆಮೇಲೆ ಇನ್ನೊಂದು ಕಡೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ತೆಗೆದ ಚೂರನ್ನು ಕೂಡಲೇ ಫಾರ್ಮಾಲಿನ್ ದ್ರಾವಣಕ್ಕೆ ಹಾಕಬೇಕು. ಸಲೈನ್‌ನಲ್ಲೋ ನೀರಿನಲ್ಲೋ ಇಟ್ಟರೆ ಜೀವಕೋಶ ಕೊಳೆಯುತ್ತೆ. ಲ್ಯಾಬಿಗೆ ಬಂದಮೇಲೆ ಅದರ ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ 4-5 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತಾರೆ. ನಮ್ಮ ಒಂದು ಕೂದಲಿಗಿಂತ ಹತ್ತಾರು ಪಟ್ಟು ತೆಳು. ಹೆಮಟಾಕ್ಸಿಲಿನ್, ಇಯೋಸಿನ್ ಅನ್ನುವ ಎರಡು ಬಣ್ಣ ಹಾಕಿದಾಗ ಜೀವಕೋಶದ ಕೇಂದ್ರ ನೀಲಿಯಾಗಿ, ಸುತ್ತಲಿನ ಭಾಗ ಗುಲಾಬಿಯಾಗಿ ಕಾಣುತ್ತೆ. ಅಲ್ಲಿಂದ ಮುಂದೆ ಯಂತ್ರದ ಕೆಲಸ ಮುಗೀತು, ಓದುವ ಕಣ್ಣಿನ ಕೆಲಸ ಶುರು. ಜೀವಕೋಶಗಳು ಎಷ್ಟು ಅಸ್ತವ್ಯಸ್ತ ಆಗಿವೆ? ಮೇಲ್ಪದರದ ಕೆಳಗಿನ ತೆಳು ಪೊರೆಯನ್ನು ಒಡೆದು ಒಳಗೆ ಇಳಿದಿವೆಯಾ? ಇಳಿಯದಿದ್ದರೆ ಅದು ಕ್ಯಾನ್ಸರಿಗೆ ಮುಂಚಿನ ಹಂತ. ಇಳಿದಿದ್ದರೆ ಕ್ಯಾನ್ಸರ್.

ದೊಡ್ಡಪ್ಪನ ಮೊದಲ ಚೂರು ತೀರಾ ಸಣ್ಣದು, ಸರಿಯಾಗಿ ಕಾಪಿಟ್ಟಿರಲೂ ಇಲ್ಲ. ಬೇರೆ ಊರಿನ ಲ್ಯಾಬಿಗೆ ಹೋಗಿ ಮೂರು ವಾರ ಬಿಟ್ಟು ಬಂದ ರಿಪೋರ್ಟ್‌ನಲ್ಲಿ 'ಖಚಿತವಾಗಿ ಹೇಳಲಾಗದು, ಮತ್ತೆ ಬಯಾಪ್ಸಿ ಮಾಡಿ' ಅಂತ ಇತ್ತು. ಗದ್ದೆ ಕೆಲಸ ಅಂತ ಇವರೂ ಒಂದಿಷ್ಟು ದಿನ ತಳ್ಳಿದರು. ಎರಡನೇ ಚೂರನ್ನು ಒಂದು ದಂತ ಕಾಲೇಜಿನ ಓರಲ್ ಪೆಥಾಲಜಿ ವಿಭಾಗದಲ್ಲಿ ಓದಿದರು. ನಾಲ್ಕೇ ದಿನಕ್ಕೆ ಉತ್ತರ ಬಂತು: ಕ್ಯಾನ್ಸರ್, ಒಳಗೆ ಇಳಿದಿದೆ. ಒಟ್ಟು ಕಳೆದದ್ದು ಏಳು ವಾರ. ಆ ಏಳು ವಾರದಲ್ಲಿ ಎಷ್ಟು ಇಳಿಯಿತು ಅಂತ ಯಾರೂ ಹೇಳಲಾರರು. ದೊಡ್ಡಪ್ಪ ಬದುಕಿದ್ದಾರೆ. ಕೆಳದವಡೆಯ ಒಂದು ಭಾಗ ಇಲ್ಲ. ರೊಟ್ಟಿ ಬಿಟ್ಟು ಗಂಜಿಗೆ ಬಂದಿದ್ದಾರೆ.

ವಿದ್ಯಾರ್ಥಿಗಳು ಯಾಕೆ ಬೇಡ ಅಂತಾರೆ?

ಇಂಥ ಕೆಲಸ ಇದ್ದರೂ ವಿದ್ಯಾರ್ಥಿಗಳು ಇದನ್ನು ಕೊನೆಗೆ ಯಾಕೆ ಇಡುತ್ತಾರೆ? ದಂತ ವಿದ್ಯಾರ್ಥಿಗಳ ಮನೋಭಾವದ ಬಗ್ಗೆ ದೇಶದ ಹಲವು ಕಾಲೇಜುಗಳಲ್ಲಿ ಪ್ರಶ್ನಾವಳಿ ಸಮೀಕ್ಷೆಗಳು ಆಗಿವೆ. ತಂಗಿಯ ಬ್ಯಾಚಿನವರ ಜೊತೆ ಒಂದು ಸಂಜೆ ಕೂತು ಮಾತಾಡಿದೆ. ಎರಡೂ ಕಡೆ ಮತ್ತೆ ಮತ್ತೆ ಬರುವ ಕಾರಣಗಳು ಹೆಚ್ಚುಕಮ್ಮಿ ಇವೇ.

ಒಂದು, ದುಡ್ಡು. ಬ್ರೇಸಸ್, ಇಂಪ್ಲಾಂಟ್, ರೂಟ್ ಕೆನಾಲ್‌ಗೆ ರೋಗಿ ನೇರವಾಗಿ ಹಣ ಕೊಡ್ತಾನೆ. ಬಯಾಪ್ಸಿ ಓದಿದವರ ಹೆಸರು ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ, ಅವರ ಮುಖವನ್ನು ರೋಗಿ ನೋಡಿರುವುದೇ ಇಲ್ಲ. ಸಾಲ ಮಾಡಿ ಬಿಡಿಎಸ್ ಓದಿಸಿದ ಮನೆಗೆ ಇದು ದೊಡ್ಡ ವಿಷಯ.

ಎರಡು, ಕೆಲಸ ಎಲ್ಲಿ? ಓರಲ್ ಪೆಥಾಲಜಿಸ್ಟ್‌ಗೆ ದೊಡ್ಡ ಮಟ್ಟದಲ್ಲಿ ಕೆಲಸ ಕೊಡುವುದು ದಂತ ಕಾಲೇಜುಗಳು ಮಾತ್ರ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ರಾಯಚೂರು ನಗರದಲ್ಲೇ ನವೋದಯ, ಎ.ಎಂ.ಇ. ಅಂತ ಎರಡು. ಆದರೆ ಒಂದು ಕಾಲೇಜಿನ ವಿಭಾಗದಲ್ಲಿ ಇರುವುದು ಬೆರಳೆಣಿಕೆಯ ಹುದ್ದೆ, ಹಿರಿಯರು ನಿವೃತ್ತರಾಗುವವರೆಗೆ ಅವು ಖಾಲಿ ಆಗಲ್ಲ. ಬಿಡಿಎಸ್ ಸೀಟೇ ತುಂಬದಿದ್ದರೆ ಮೇಷ್ಟ್ರ ಹುದ್ದೆ ಹೆಚ್ಚುವುದು ಹೇಗೆ? 2021ರ ಫೆಬ್ರವರಿಯಲ್ಲಿ ದೇಶದಾದ್ಯಂತ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದಾಗ ಸುಪ್ರೀಂ ಕೋರ್ಟ್ ನೀಟ್ ಕಟಾಫನ್ನು 10 ಪರ್ಸೆಂಟೈಲ್ ಇಳಿಸಲು ಆದೇಶಿಸಿತ್ತು.

ಮೂರು, ಕಲಿಸುವ ರೀತಿ. ಬಹಳ ವಿದ್ಯಾರ್ಥಿಗಳಿಗೆ ಓರಲ್ ಪೆಥಾಲಜಿ ಅಂದ್ರೆ ಗುಲಾಬಿ-ನೀಲಿ ಪೆನ್ಸಿಲ್‌ನಲ್ಲಿ ರೆಕಾರ್ಡ್ ಬುಕ್ ತುಂಬಿಸುವುದು. ಶಾಫರ್ ಪುಸ್ತಕದ ಪಟ್ಟಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದರೆ ಮುಗೀತು. ಆ ಸ್ಲೈಡಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಈ ರಿಪೋರ್ಟಿನಿಂದ ಅವನ ಕಥೆ ಏನಾಯ್ತು ಅನ್ನೋದು ಅವರ ತನಕ ಬರುವುದೇ ಇಲ್ಲ.

ನಾಲ್ಕು, ಮರ್ಯಾದೆ. ಸೀಟು ಹಂಚಿಕೆಯಲ್ಲಿ ಓರಲ್ ಪೆಥಾಲಜಿ ಮತ್ತು ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಕೊನೆಗೆ ಉಳಿಯುತ್ತವೆ, ಮಾಪ್-ಅಪ್ ರೌಂಡ್ ಆದಮೇಲೂ ಖಾಲಿ ಇರುತ್ತವೆ. ಯಾರಿಗೂ ಬೇಡವಾದದ್ದು ಅನ್ನುವ ಹಣೆಪಟ್ಟಿ ಒಮ್ಮೆ ಬಿದ್ದರೆ, ಇಷ್ಟಪಟ್ಟು ತಗೊಂಡವರನ್ನೂ 'ರ‍್ಯಾಂಕ್ ಬರಲಿಲ್ಲವಾ?' ಅಂತಲೇ ಕೇಳ್ತಾರೆ.

ಈ ನಾಲ್ಕರಲ್ಲಿ ಒಂದೂ ಹುಡುಗರ ಸೋಮಾರಿತನ ಅಲ್ಲ. ಇರುವ ವ್ಯವಸ್ಥೆಯಲ್ಲಿ ಅವರು ಹಾಕುವ ಲೆಕ್ಕ ಸರಿಯಾಗೇ ಇದೆ.

ಹಾಗಾದ್ರೆ ಆರಿಸಿಕೊಳ್ಳುವವರು ಯಾರು?

ಕೆಲವರು ರ‍್ಯಾಂಕಿನ ಕಾರಣಕ್ಕೆ ಬರ್ತಾರೆ, ಅದನ್ನು ಮುಚ್ಚಿಡುವುದು ಬೇಡ. ಕೆಲವರಿಗೆ ಪಾಠ ಮಾಡುವುದು ಇಷ್ಟ. ಕ್ಲಿನಿಕ್‌ನ ಗಿರಾಕಿ ಹಿಡಿಯುವ ಗೋಜು ಬೇಡ, ನಿಗದಿತ ಸಮಯದ ಕೆಲಸ ಬೇಕು ಅನ್ನುವವರೂ ಇದ್ದಾರೆ. ಸಂಶೋಧನೆಗೆ ಹೋಗುವವರಿಗೆ ಒಂಬತ್ತು ವಿಭಾಗಗಳಲ್ಲಿ ಇದು ಒಳ್ಳೆಯ ಬಾಗಿಲು. ಬಹಳ ಮನೆಗಳಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಓರಲ್ ಪೆಥಾಲಜಿಯಲ್ಲಿ ಎಂಡಿಎಸ್ ಮಾಡಿದರೆ ಹಲ್ಲಿನ ಡಾಕ್ಟರಿಕೆ ಕೈ ತಪ್ಪಲ್ಲ. ಬಿಡಿಎಸ್ ನೋಂದಣಿ ಹಾಗೇ ಇರುತ್ತೆ. ಹಗಲು ಕಾಲೇಜು, ಸಂಜೆ ಸ್ವಂತ ಕ್ಲಿನಿಕ್ ಮಾಡುವವರು ಬೇಕಾದಷ್ಟಿದ್ದಾರೆ. ಕಾಕಾನ ಅರ್ಧ ಚಿಂತೆ ಇಲ್ಲೇ ಮುಗಿಯಬೇಕು.

ಇನ್ನು ಕೆಲವರನ್ನು ಸೆಳೆಯುವುದು ಫೊರೆನ್ಸಿಕ್. ಹಲ್ಲಿನಿಂದ ವಯಸ್ಸು ಅಂದಾಜಿಸುವುದು, ಸುಟ್ಟ ದೇಹದ ಗುರುತು ಹಚ್ಚುವುದು ಇದರ ಕೆಲಸ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನು ಆರೋಪಿಗಳ ಹಲ್ಲಿನ ಜೊತೆ ಹೋಲಿಸಿ ವರದಿ ಕೊಟ್ಟವರು ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಡಾ. ಅಶಿತ್ ಆಚಾರ್ಯ. 2017ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಅವರ ಸಾಕ್ಷ್ಯದ ಉಲ್ಲೇಖ ಇದೆ. ಆದರೆ ಎರಡು ಎಚ್ಚರಿಕೆ. ಕಚ್ಚಿದ ಗುರುತಿನ ಹೋಲಿಕೆ ಎಷ್ಟು ನಂಬಲರ್ಹ ಅನ್ನುವ ಬಗ್ಗೆ ಅಮೆರಿಕದ ವಿಜ್ಞಾನಿಗಳ ಸಮಿತಿಗಳು 2009ರಿಂದೀಚೆಗೆ ಗಂಭೀರ ಪ್ರಶ್ನೆ ಎತ್ತಿವೆ. ಮತ್ತೆ, ನಮ್ಮಲ್ಲಿ ಫೊರೆನ್ಸಿಕ್ ದಂತತಜ್ಞರಿಗೆ ಅಂತಲೇ ಇರುವ ಹುದ್ದೆಗಳು ತೀರಾ ಕಡಿಮೆ. ಒಂದು ಕೇಸ್ ನೋಡಿ ಕೆರಿಯರ್ ಆರಿಸಿಕೊಳ್ಳಬೇಡಿ.

ಇದು ರಾಯಚೂರಿನ ಪ್ರಶ್ನೆ ಯಾಕೆ?

ಗ್ಲೋಬೊಕಾನ್ ಅಂದಾಜಿನ ಪ್ರಕಾರ 2020ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರಿನ 1.35 ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣ, ಸುಮಾರು 75 ಸಾವಿರ ಸಾವು. 2016-17ರ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 22.8% ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸ್ತಾರೆ. ಹೊಗೆ ಇಲ್ಲದ ತಂಬಾಕು ಬಳಸುವವರೇ 16.3%. ತಂಬಾಕು ಬಳಸುವ ಹೆಂಗಸರಲ್ಲಿ ಬಹುತೇಕ ಎಲ್ಲರದ್ದೂ ಎಲೆ-ಅಡಿಕೆ ಜೊತೆಗಿನದ್ದೋ, ತಿಕ್ಕುವುದೋ. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅದಾದಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಮಾರುತ್ತಿದ್ದಾರೆ, ತಿನ್ನುವವರು ಬಾಯಲ್ಲಿ ಬೆರೆಸಿಕೊಳ್ತಾರೆ.

ಬರೀ ಅಡಿಕೆಯೂ ನಿರಪಾಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ಮಾತನ್ನು ಯಾವ ಪಕ್ಷದವರೂ ವೇದಿಕೆ ಮೇಲೆ ಹೇಳಲ್ಲ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಾಯಿ ಬಿಗಿದುಕೊಳ್ಳುವ ಕಾಯಿಲೆ ಇದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗದಿದ್ದರೆ ಅನುಮಾನ ಪಡಬೇಕು. ಕೇರಳದ ಎರ್ನಾಕುಲಂನಲ್ಲಿ ಇಂಥವರನ್ನು 17 ವರ್ಷ ಗಮನಿಸಿದಾಗ 7.6% ಜನರಿಗೆ ಅದು ಕ್ಯಾನ್ಸರಿಗೆ ತಿರುಗಿತ್ತು.

ಬೇಗ ಹಿಡಿದರೆ ಜೀವ ಉಳಿಯುತ್ತೆ ಅನ್ನೋದಕ್ಕೂ ಪುರಾವೆ ಪಕ್ಕದ ಕೇರಳದ್ದೇ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಕೇಂದ್ರದ ಕಾರ್ಯಕ್ರಮದಲ್ಲೂ 30 ದಾಟಿದವರ ಬಿಪಿ, ಶುಗರ್ ಜೊತೆ ಬಾಯಿಯನ್ನೂ ನೋಡಬೇಕು ಅಂತಿದೆ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು ಮಚ್ಚೆ ನೋಡಿದಳು ಅಂತಲೇ ಇಟ್ಟುಕೊಳ್ಳಿ. ಮುಂದೆ? ಚೂರು ತೆಗೆಯಬೇಕು, ಅದನ್ನು ಯಾರಾದರೂ ಓದಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರ ಹುದ್ದೆ ಇದೆ, ಸ್ಲೈಡ್ ಓದುವ ಹುದ್ದೆ ಇಲ್ಲ. ಮಾನ್ವಿಯಿಂದ ರಾಯಚೂರು ಸುಮಾರು 45 ಕಿ.ಮೀ. ಅಲ್ಲಿಂದ ಮುಂದೆ ಕಲಬುರಗಿ, ಹೈದರಾಬಾದ್, ಇಲ್ಲಾ ಬೆಂಗಳೂರಿನ ಕಿದ್ವಾಯಿ. ದಿನಗೂಲಿಯವರು ಇಷ್ಟರಲ್ಲೇ ಕೈಬಿಡ್ತಾರೆ.

2022ರ ಮೇ 13ರಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ನಡೆದಿದೆ, ಸಾವಿರ ದಿನ ದಾಟಿದ ಹೋರಾಟ ಅದು. ನಾನು ಅದರ ಪರ. ಆದರೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ, ಬಾಯಿಯ ಚೂರು ಓದುವುದು ಅದರಲ್ಲೊಂದು. ಅದಕ್ಕೆ ಬೇಕಾದ ಮೈಕ್ರೋಸ್ಕೋಪು, ಮೈಕ್ರೋಟೋಮು, ಓದುವ ಮೇಷ್ಟ್ರು ರಾಯಚೂರು ನಗರದ ದಂತ ಕಾಲೇಜುಗಳಲ್ಲಿ ಈಗಾಗಲೇ ಇರಲೇಬೇಕು. ಅವಿಲ್ಲದೆ ಕಾಲೇಜಿಗೆ ಮಾನ್ಯತೆ ಸಿಗಲ್ಲ.

ಏನು ಬದಲಾಗಬೇಕು?

'ಹುಡುಗರಲ್ಲಿ ಆಸಕ್ತಿ ಮೂಡಿಸಬೇಕು' ಅಂತ ಇಂಥ ಚರ್ಚೆಗಳು ಮುಗಿಯುತ್ತವೆ. ಆಸಕ್ತಿ ಮೂಡಿದ ತಂಗಿ ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಬೇಕಾಗಿರುವುದು ಹುದ್ದೆ.

ಜಿಲ್ಲೆಗೊಂದು ಬಾಯಿ ಬಯಾಪ್ಸಿ ಕೇಂದ್ರ ಮಾಡಬಹುದು. ತಾಲ್ಲೂಕು ದಂತವೈದ್ಯರಿಗೆ ಚೂರು ತೆಗೆಯುವ ತರಬೇತಿ, ಫಾರ್ಮಾಲಿನ್ ಬಾಟಲಿ, ವಾರಕ್ಕೆರಡು ಸಲ ಸಾಗಿಸುವ ವ್ಯವಸ್ಥೆ, ಓದಲು ಇಬ್ಬರು ಓರಲ್ ಪೆಥಾಲಜಿಸ್ಟ್. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಜೆಟ್ಟಿಗೆ ಇದು ದೊಡ್ಡ ಬಾಬತ್ತಲ್ಲ. ಸ್ಲೈಡನ್ನು ಸ್ಕ್ಯಾನ್ ಮಾಡಿ ದೂರದಲ್ಲಿ ಕೂತು ಓದುವ ತಂತ್ರಜ್ಞಾನ ಇದೆ. ಬಾಯಿಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದು ತಜ್ಞರಿಗೆ ಕಳಿಸುವ ಪ್ರಯೋಗವನ್ನು ಬಯೋಕಾನ್ ಫೌಂಡೇಶನ್, ಬೆಂಗಳೂರಿನ ಕೆಎಲ್‌ಇ ದಂತ ಕಾಲೇಜಿನಂಥ ಸಂಸ್ಥೆಗಳು ಸೇರಿ ಕರ್ನಾಟಕದಲ್ಲೇ ಮಾಡಿವೆ. ಹಲ್ಲಿಲ್ಲದ ಬಡ ಹಿರಿಯರಿಗೆ ದಂತಪಂಕ್ತಿ ಕೊಡುವ 'ದಂತ ಭಾಗ್ಯ' ಯೋಜನೆಗೆ ದಂತ ಕಾಲೇಜುಗಳನ್ನು ಸರ್ಕಾರ ಬಳಸಿಕೊಂಡಿದೆ. ಬಯಾಪ್ಸಿಗೂ ಹಾಗೆ ಬಳಸಿಕೊಳ್ಳಬಹುದು.

ಕಾಲೇಜುಗಳಿಗೂ ಒಂದು ಮಾತು. ಮೂರನೇ ವರ್ಷದ ಹುಡುಗರಿಗೆ ಸ್ಲೈಡ್ ತೋರಿಸುವಾಗ ಹೆಸರು ಮುಚ್ಚಿಟ್ಟು ಆ ರೋಗಿಯ ಪೂರ್ತಿ ಕೇಸ್ ಹೇಳಿ. ಯಾವಾಗ ಬಂದ, ಎಷ್ಟು ತಡವಾಯ್ತು, ಆಮೇಲೆ ಏನಾಯ್ತು.

ಆಪ್ಷನ್ ಎಂಟ್ರಿಗೆ ಮೊದಲು ಕೇಳಬೇಕಾದ್ದು

ಈ ವಿಭಾಗ ತಗೊಳ್ಳುವ ಯೋಚನೆ ಇದ್ದವರು ಕಾಲೇಜಿನ ಹೆಸರಿಗಿಂತ ಮೊದಲು ಇಷ್ಟು ಕೇಳಿ: ವರ್ಷಕ್ಕೆ ಎಷ್ಟು ಬಯಾಪ್ಸಿ ಬರುತ್ತೆ? ಹೊರಗಿನ ಕ್ಲಿನಿಕ್, ಆಸ್ಪತ್ರೆಗಳಿಂದಲೂ ಬರುತ್ತಾ? ಕ್ಯಾನ್ಸರ್ ಆಸ್ಪತ್ರೆಗೆ ಪೋಸ್ಟಿಂಗ್ ಇದೆಯಾ? ಹಿಂದಿನ ಮೂರು ಬ್ಯಾಚಿನವರು ಈಗ ಎಲ್ಲಿದ್ದಾರೆ? ಸ್ಲೈಡೇ ಬರದ ವಿಭಾಗದಲ್ಲಿ ಮೂರು ವರ್ಷ ಕೂತರೆ ಡಿಗ್ರಿ ಸಿಗುತ್ತೆ, ಓದುವ ಕಣ್ಣು ಬರಲ್ಲ.

ಉಳಿದ ಎಲ್ಲರಿಗೂ: ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಮುಲಾಮು ಹಚ್ಚಿಕೊಂಡು ಕೂರಬೇಡಿ, ದಂತವೈದ್ಯರಿಗೆ ತೋರಿಸಿ. ಬಯಾಪ್ಸಿ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಅವತ್ತು ರಾತ್ರಿ ಊಟ ಆದಮೇಲೆ ತಂಗಿಯನ್ನು ಕೇಳಿದೆ, "ನಿಜ ಹೇಳವ್ವಾ, ರ‍್ಯಾಂಕ್ ಚೊಲೊ ಬಂದಿದ್ರೂ ಇದನ್ನೇ ತಗೋತಿದ್ದೇನು?"

"ಗೊತ್ತಿಲ್ಲಣ್ಣ," ಅಂದಳು. "ಆದ್ರ ದೊಡ್ಡಪ್ಪನ ಎರಡನೇ ಸ್ಲೈಡ್ ನಮ್ಮ ಮೇಡಂ ನನಗ ತೋರಿಸಿದ್ರು. ಆಗ ನಾ ಮೂರನೇ ವರ್ಷ. ಪೊರೆ ಒಡದಿದ್ದು ನನ್ನ ಕಣ್ಣಿಗೇ ಕಾಣ್ತು, ಯಾರೂ ಹೇಳೂಕಿಂತ ಮೊದ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದಳು, "ಮೂರು ವರ್ಷ ಕಲ್ತು ಬಂದಮ್ಯಾಗ ರಾಯಚೂರಾಗ ನಾ ಕುಂದ್ರಾಕ ಕುರ್ಚಿ ಎಲ್ಲೈತಣ್ಣ?"

ಆಪ್ಷನ್ ಎಂಟ್ರಿಗೆ ಇನ್ನೂ ಎರಡು ದಿನ ಇತ್ತು. ಕಾಕಾನ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ತಂಗಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲೂ ಕಲಬುರಗಿಯಲ್ಲೂ ಕೂತಿದ್ದಾರೆ.